ಕಾಕಾನ ಕೈ ತಪ್ಪಿರಲಿಲ್ಲ

ಕಾಕಾನ ಹತ್ತು ಬೆರಳೂ ವಾರ್ನಿಷ್ ಬಣ್ಣಕ್ಕೆ ತಿರುಗಿದ್ದವು. ಸೀಮೆಎಣ್ಣೆ, ಬಟ್ಟೆ ಸೋಪು, ನಿಂಬೆಹಣ್ಣಿನ ಸಿಪ್ಪೆ ಯಾವುದಕ್ಕೂ ಜಗ್ಗದ ಕಂದು ಬಣ್ಣ ಅದು. ಬಲಗೈ ತೋರುಬೆರಳಿನ ಮೇಲೆ, ವರ್ಷಗಟ್ಟಲೆ ತಾಮ್ರದ ತಂತಿ ಎಳೆದೆಳೆದು ಒಂದು ಗೀರು ಬಿದ್ದಿತ್ತು. ಮದುವೆಮನೆಯಲ್ಲಿ ಊಟಕ್ಕೆ ಕೂತರೆ ಬಡಿಸುವವರು ಒಮ್ಮೆ ಅವರ ಕೈ ನೋಡಿ ಇನ್ನೊಮ್ಮೆ ಮುಖ ನೋಡುತ್ತಿದ್ದರು. "ತೊಳ್ಕೊಂಡ ಕುಂತೀನ್ರೀ, ಹಾಕ್ರಿ" ಅನ್ನುತ್ತಿದ್ದರು ಕಾಕಾ. "ಎಲ್ಲಾರಿಗೂ ಕೈ ಕೆಸರಾದ್ರ ಬಾಯಿ ಮೊಸರು. ನನಗ ಕೈ ವಾರ್ನಿಷ್ ಆದ್ರ ಬಾಯಿಗೆ ಬರೀ ಚಾ."

ಅವರು ನನಗೆ ಸಂಬಂಧಿಕರಲ್ಲ. ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವರದು ಮೋಟಾರ್ ರಿವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ಟುಗಳಿಗೆ ಹೊಸ ಸುರುಳಿ ಸುತ್ತಿ ಜೀವ ಕೊಡುವ ಕೆಲಸ. ಊರೆಲ್ಲ ಕಾಕಾ ಅನ್ನುತ್ತಿತ್ತು, ನಾನೂ ಅಂದೆ. ಅವರು ಹೋಗಿ ವರ್ಷವಾಗುತ್ತ ಬಂತು. ಒಳ್ಳೆಯ ಕೆಲಸಗಾರ, ಆದರೆ ಕೊನೆಗೆ ಕೈ ಕೆಟ್ಟಿತ್ತು, ದೋಣಿಗೆ ವೈರು ತಪ್ಪು ಕೊಟ್ಟು ಒಬ್ಬನ ಕಾಲು ಸೀಳಿಸಿದ ಎಂದು ಆ ಓಣಿಯಲ್ಲಿ ಈಗಲೂ ಹೇಳುತ್ತಾರೆ. ಅದು ಸುಳ್ಳು. ಆ ಸುಳ್ಳಿಗೆ ಕಾರಣ ನಾನು. ಕಾಕಾನ ಹೆಸರಿಗೆ ಮೆತ್ತಿದ ಮಸಿಯನ್ನು ಒರೆಸಲು ನನಗೆ ಬೇರೆ ದಾರಿ ಉಳಿದಿಲ್ಲವಾದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ನಾನು ಸೊರಬದ ಕಡೆಯವಳು, ಕುಪ್ಪಗಡ್ಡೆ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಕೆಲಸವಿಲ್ಲದೆ ಮನೆಯಲ್ಲಿದ್ದ ಕಾಲಕ್ಕೆ ನಮ್ಮ ಗದ್ದೆಯ ಮೋಟಾರು ಸುಟ್ಟಿತು. ಯಾರೋ ಕಾಕಾನ ಹೆಸರು ಹೇಳಿದರು. ಅಪ್ಪ, ನಾನು ಗೂಡ್ಸ್ ಆಟೋದಲ್ಲಿ ಮೋಟಾರು ಹಾಕಿಕೊಂಡು ಶಿಕಾರಿಪುರಕ್ಕೆ ಹೋದೆವು. ಕಾಕಾ ಮುಚ್ಚಳ ಬಿಚ್ಚಿ, ಕರಿ ಕಟ್ಟಿದ ಸುರುಳಿಯನ್ನು ಮೂಸಿ, ಅಪ್ಪನ ಮುಖ ನೋಡಿದರು.

"ಸ್ಟಾರ್ಟರಿಗೆ ಕಡ್ಡಿ ಸಿಗ್ಸಿದ್ರೇನ್ರೀ ಯಜಮಾನ್ರ?"

ಅಪ್ಪ ಓಣಿಯ ಆ ಕಡೆ ನೋಡತೊಡಗಿದರು. ನಮ್ಮ ಕಡೆ ಇದು ಮನೆಮನೆಯ ವಿದ್ಯೆ. ಗದ್ದೆಯ ಕರೆಂಟು ಹೊತ್ತುಗೊತ್ತಿಲ್ಲದೆ ಬರುತ್ತದೆ, ಹೋಗುತ್ತದೆ. ಕರೆಂಟು ಹೋದ ಕೂಡಲೇ ಸ್ಟಾರ್ಟರು ಕಳಚಿಕೊಳ್ಳಬೇಕು. ಮತ್ತೆ ಬಂದಾಗ ಮನುಷ್ಯನೇ ಹೋಗಿ ಒತ್ತಬೇಕು. ಪ್ರತಿ ಸಲ ಯಾರು ಹೋಗುವುದೆಂದು ಅದು ಕಳಚದಂತೆ ಒಂದು ಕಡ್ಡಿ ಸಿಗಿಸಿಬಿಡುತ್ತಾರೆ. ಮೋಟಾರು ತಾನೇ ಓಡುತ್ತದೆ, ತಾನೇ ಸುಡುತ್ತದೆ.

"ಕಡ್ಡಿ ಬದ್ಲು ಒಂದು ರಿಲೇ ಹಾಕಿದ್ರೆ ಆಗ್ತಿತ್ತಲ್ರೀ?" ಎಂದು ನಾನು ಬಾಯಿ ಹಾಕಿದೆ.

ಕಾಕಾ ಕನ್ನಡಕ ಹಣೆಗೇರಿಸಿ ನನ್ನನ್ನು ನೋಡಿದರು. "ಯಾರವಾ ನೀನು?"

"ಡಿಪ್ಲೊಮಾ ಮಾಡಿದೀನಿ."

"ಡಿಪ್ಲೊಮಾ ಮಾಡಿ ಅಪ್ಪ ಕಡ್ಡಿ ಸಿಗ್ಸೋದು ನೋಡ್ಕೋತ ಕುಂತೀಯಲ್ಲ. ನಾಳಿಂದ ಅಂಗಡಿಗೆ ಬಾ."

ಅವರು ತಮಾಷೆಗೆ ಅಂದಿದ್ದರೋ ಏನೋ. ನಾನು ಮಾರನೆಯ ದಿನ ಬೆಳಿಗ್ಗೆಯ ಬಸ್ಸಿಗೆ ಹೋಗಿ ನಿಂತೆ. ಎರಡು ವರ್ಷ ಅಲ್ಲೇ ಕಲಿತೆ. ಹೆಣ್ಣುಹುಡುಗಿ ಮೋಟಾರು ಬಿಚ್ಚುತ್ತಾಳೆಂದು ನೋಡಲು ಮೊದಮೊದಲು ಜನ ಬಾಗಿಲಲ್ಲಿ ನಿಲ್ಲುತ್ತಿದ್ದರು. "ಹತ್ರ ಬರ್ರೀ, ಚಲೋ ಕಾಣ್ತೈತಿ. ಬರೋವಾಗ ಆ ಮೋಟ್ರು ಒಂದಿಷ್ಟು ಎತ್ಕೊಂಡ್ ಬರ್ರಿ" ಅನ್ನುತ್ತಿದ್ದರು ಕಾಕಾ. ಒಂದು ವಾರಕ್ಕೆ ಬಾಗಿಲು ಖಾಲಿಯಾಯಿತು. ನಮ್ಮ ಕಡೆಯ ರೂಢಿಯಂತೆ ನಾನು "ಎಂತದು" ಅಂದರೆ ಅವರಿಗೆ ನಗು. "ಎಂತದಲ್ಲವಾ, ಏನದು" ಎಂದು ದಿನಕ್ಕೆ ನಾಲ್ಕು ಸಲ ತಿದ್ದುತ್ತಿದ್ದರು, ಮತ್ತೆ ತಾವೇ ಗಿರಾಕಿಗಳಿಗೆ "ಎಂತ ಬೇಕಿತ್ರೀ" ಎಂದು ಕೇಳಿ ನನ್ನ ಕಡೆ ಕಣ್ಣು ಹೊಡೆಯುತ್ತಿದ್ದರು.

ಅವರ ಕೆಲಸದಲ್ಲಿ ಎರಡು ಹಟಗಳಿದ್ದವು. ಯಾವ ವೈರನ್ನೇ ಸೇರಿಸಲಿ, ಅದನ್ನು ಮೇಣ ಹಚ್ಚಿದ ದಾರದಿಂದ ಕಟ್ಟಬೇಕು. ಪ್ಲಾಸ್ಟಿಕ್ ಪಟ್ಟಿ ಕಂಡರೆ ಆಗದು. ಆ ದಾರಕ್ಕೆ ಅವರದೇ ಒಂದು ಗಂಟು. ಎರಡು ಸುತ್ತು ಹಾಕಿ, ಒಳಗಿನಿಂದ ತೂರಿಸಿ, ತುದಿ ಸುಟ್ಟು ಬಿಡುವುದು. ಆ ಗಂಟು ನನಗೆ ಬರಲು ಎಂಟು ತಿಂಗಳು ಹಿಡಿಯಿತು. ಇನ್ನೊಂದು ಹಟ, ಕಿತ್ತು ನೋಡುವುದು. ಕೆಲಸ ಮುಗಿದ ಮೇಲೆ ಮೋಟಾರು ಓಡುತ್ತಿದ್ದಂತೆಯೇ ಕರೆಂಟನ್ನು ಫಟ್ಟನೆ ಕೀಳಬೇಕು. ಮೋಟಾರು ನಿಲ್ಲಬೇಕು. ಮತ್ತೆ ಕರೆಂಟು ಕೊಟ್ಟರೂ ಮನುಷ್ಯ ಒತ್ತುವ ತನಕ ಅದು ಅಲ್ಲಾಡಬಾರದು. ಇದನ್ನು ಮಾಡಿ ತೋರಿಸದೆ ಯಾವ ಗಿರಾಕಿಗೂ ಸಾಮಾನು ಕೊಡುತ್ತಿರಲಿಲ್ಲ. "ಓಡ್ಸೋದು ಯಾರಿಗಾದ್ರೂ ಬರ್ತೈತಿ. ನಿಲ್ಸೋದು ಕಲಿ" ಅನ್ನುತ್ತಿದ್ದರು.

ನಾನು ಹೋದ ಎರಡನೆಯ ವರ್ಷದಲ್ಲಿ ಅವರ ಬಲಗೈ ನಡುಗಲು ಶುರುವಾಯಿತು. ಮೊದಲು ಚಳಿ ಅಂದರು. ಬೇಸಿಗೆ ಬಂತು. ಆಮೇಲೆ ಏನೂ ಅನ್ನಲಿಲ್ಲ, ಗಿರಾಕಿಗಳು ಬಂದರೆ ಹೆಗಲ ಟವಲನ್ನು ಕೈ ಮೇಲೆ ಹಾಕಿಕೊಂಡು ಕೂರತೊಡಗಿದರು. ಚಹಾ ತಂದಿಟ್ಟರೆ ಎಲ್ಲರೂ ಹೋಗುವವರೆಗೆ ಮುಟ್ಟುತ್ತಿರಲಿಲ್ಲ. ಆರಿದ ಚಹಾವನ್ನು ಎಡಗೈಯಲ್ಲಿ ಎತ್ತಿ ಕುಡಿಯುತ್ತಿದ್ದರು. ಶಿವಮೊಗ್ಗದ ಡಾಕ್ಟರರು ಮಾತ್ರೆ ಬರೆದುಕೊಟ್ಟಿದ್ದು ಅವರ ಹೆಂಡತಿ ಕಾಕಿಗೆ ಮತ್ತು ನನಗೆ ಬಿಟ್ಟರೆ ಯಾರಿಗೂ ತಿಳಿಯದು. ಸಣ್ಣ ಕೆಲಸಗಳನ್ನು ನಾನು ಮಾಡುತ್ತಿದ್ದೆ. ಸುತ್ತುವ ಕೆಲಸವನ್ನು ಮಾತ್ರ ಅವರು ಬಿಟ್ಟುಕೊಡಲಿಲ್ಲ. ಆದರೂ ಒಂದು ಮಾತು ಹೇಳಬೇಕು: ನಿಧಾನವಾದರೇ ಹೊರತು ಅವರ ಕೆಲಸ ಒಂದು ದಿನವೂ ಕೆಟ್ಟಿರಲಿಲ್ಲ.

ಅಷ್ಟರಲ್ಲಿ ನನಗೊಂದು ಕೆಲಸ ಸಿಕ್ಕಿತು. ಕೆರೆಗಳಲ್ಲಿ ಎಷ್ಟು ಹೂಳು ತುಂಬಿದೆ ಎಂದು ಅಳೆಯುವ ಒಂದು ತಂಡ. ಆಳ ಅಳೆಯಲು ಅವರದೊಂದು ಪುಟ್ಟ ದೋಣಿ, ಮಂಚದಷ್ಟು ಉದ್ದ. ಅದರಲ್ಲಿ ಮನುಷ್ಯ ಕೂರುವುದಿಲ್ಲ. ಆಟೊಪೈಲಟ್ ಎಂಬ ಅಂಗೈ ಅಗಲದ ಪೆಟ್ಟಿಗೆ ಅದನ್ನು ನಡೆಸುತ್ತದೆ. ಲ್ಯಾಪ್‌ಟಾಪಿನಲ್ಲಿ ಗೆರೆ ಎಳೆದುಕೊಟ್ಟರೆ ಉಳುವ ನೇಗಿಲಿನಂತೆ ಈ ದಡದಿಂದ ಆ ದಡಕ್ಕೆ ಹೋಗಿ ತಿರುಗಿ ಬರುತ್ತದೆ. ಆ ಪೆಟ್ಟಿಗೆಯಿಂದ ದೀಪ, ಸೈರನ್, ನೀರಿನ ಮಾದರಿ ಎತ್ತುವ ಪಂಪು, ಕೊನೆಯದಾಗಿ ಮೋಟಾರನ್ನು ನಿಲ್ಲಿಸುವುದು, ಹೀಗೆ ನಾಲ್ಕಕ್ಕೆ ನಾಲ್ಕು ರಿಲೇ ಹಾಕಬೇಕಿತ್ತು. ರಿಲೇ ಅಂದರೆ ಕೈಯ ಬದಲು ಕರೆಂಟೇ ಒತ್ತುವ ಸ್ವಿಚ್ಚು, ಅಷ್ಟೆ. ತಂಡದ ಸಾಹೇಬರಿಗೆ, ನಮ್ಮ ಕಾಕಾ ಇದ್ದಾರೆ, ಅವರಿಂದಲೇ ಮಾಡಿಸೋಣ ಅಂದೆ. ಅವರು ಒಪ್ಪಿದರು.

ದೋಣಿ ನೋಡಿ ಕಾಕಾಗೆ ಆದ ಖುಷಿಯನ್ನು ನಾನು ಮರೆಯಲಾರೆ. "ಡ್ರೈವರ್ ಇಲ್ಲದ ದೋಣಿಗೆ ನಮ್ಮ ಅಂಗಡಿ ಸ್ಟಾರ್ಟರ್ರಾ!" ಎಂದು ಓಣಿಯವರನ್ನೆಲ್ಲ ಕರೆದು ತೋರಿಸಿದರು. ಮೂರು ದಿನ ಕೂತರು. ಬಲಗೈ ಮಣಿಕಟ್ಟನ್ನು ತಂತಿಯ ಉಂಡೆಗೆ ಆನಿಸಿ, ಎಡಗೈಯಿಂದ ಅದನ್ನು ಹಿಡಿದು, ಒಂದೊಂದು ತಿರುಪನ್ನೂ ತಾವೇ ಬಿಗಿದರು. ನಾನು ಕೈ ಚಾಚಿದರೆ ತಟ್ಟಿ ಸರಿಸುತ್ತಿದ್ದರು. ಕೊನೆಯ ಗಂಟಿನ ತುದಿ ಸುಟ್ಟು, "ಒಯ್ಯವಾ. ನಿನ್ನ ಪೆಟ್ಟಿಗಿ ಕೂಡ್ಸಿದ ಮ್ಯಾಲೆ ಕಿತ್ತು ನೋಡು" ಅಂದರು.

ಸೊರಬದ ನಮ್ಮ ತಂಡದ ಕೋಣೆಯಲ್ಲಿ ಪೆಟ್ಟಿಗೆ ಕೂಡಿಸಿ, ಸೆಟ್ಟಿಂಗು ಬರೆದು ನೋಡಿದೆ. ದೀಪ ಹತ್ತಿತು, ಸೈರನ್ ಕೂಗಿತು, ಪಂಪು ಓಡಿತು. ಮೋಟಾರಿನದು ಮಾತ್ರ ಉಲ್ಟಾ. ಓಡು ಅಂದರೆ ನಿಂತಿತು, ನಿಲ್ಲು ಅಂದರೆ ಓಡಿತು. ಪ್ರತಿ ರಿಲೇಗೂ ಮೂರು ತೂತುಗಳಿರುತ್ತವೆ. ನಡುವಿನದಕ್ಕೆ ಒಂದು ವೈರು. ಇನ್ನೊಂದನ್ನು ಆಚೆ ಹಾಕುತ್ತೀರೋ ಈಚೆ ಹಾಕುತ್ತೀರೋ ಎಂಬುದರ ಮೇಲೆ ಎಲ್ಲ ನಿಂತಿದೆ. ಕಾಕಾ ಹಾಕಿದ್ದ ತೂತು ನಾನು ಅಂದುಕೊಂಡ ತೂತಾಗಿರಲಿಲ್ಲ.

ನನ್ನ ಕಣ್ಣ ಮುಂದೆ ಬಂದದ್ದು ಅವರ ನಡುಗುವ ಕೈ. ಪಾಪ, ತಪ್ಪಿದೆ ಅಂದುಕೊಂಡೆ. ಫೋನ್ ಮಾಡಿ ಕೇಳಬಹುದಿತ್ತು. ಕೇಳಿದರೆ ನೊಂದುಕೊಳ್ಳುತ್ತಾರೆಂದು ಕೇಳಲಿಲ್ಲ. ಅವರ ಮರ್ಯಾದೆ ಉಳಿಸುತ್ತಿದ್ದೇನೆಂಬ ಹೆಮ್ಮೆ ಬೇರೆ. ಗಂಟು ಕತ್ತರಿಸಿ, ವೈರನ್ನು ಈಚೆಯ ತೂತಿಗೆ ಸರಿಸಿ, ದಾರ ಕೈಗೆ ಸಿಗಲಿಲ್ಲವೆಂದು ಒಂದು ಪ್ಲಾಸ್ಟಿಕ್ ಪಟ್ಟಿ ಬಿಗಿದೆ. ಓಡು ಅಂದರೆ ಓಡಿತು, ನಿಲ್ಲು ಅಂದರೆ ನಿಂತಿತು. ದೋಣಿಯ ಮುಚ್ಚಳ ಹಾಕಿದೆ.

ಮಾರನೆಯ ದಿನ ಕೆರೆಯ ದಂಡೆಗೆ ಕಾಕಾ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಜೀಪಿನಿಂದ ಇಳಿದವರೇ ಕೇಳಿದ್ದು ಒಂದೇ ಮಾತು. "ಕಿತ್ತು ನೋಡಿದೇನವಾ?"

"ನೋಡಿದೆ ಕಾಕಾ" ಅಂದೆ.

ನೋಡಿರಲಿಲ್ಲ. ಅವಸರವಿತ್ತು, ಸಾಹೇಬರು ಕಾಯುತ್ತಿದ್ದರು, ಊರಿನ ಜನ ಸೇರಿದ್ದರು. ನನಗೆ ಈಗಲೂ ಆ ಎರಡು ಪದಗಳನ್ನು ನುಂಗಿಕೊಳ್ಳಲು ಆಗುತ್ತಿಲ್ಲ. ಕಾಕಾ ನಂಬಿದರು, ಹೋಗಿ ಏರಿಯ ಕಲ್ಲಿನ ಮೇಲೆ ಕೂತರು.

ದೋಣಿ ಮೂರು ಸಾಲು ಚೆನ್ನಾಗಿ ಹೋಗಿ ಬಂತು. ಜನ ಚಪ್ಪಾಳೆ ತಟ್ಟಿದರು. ನಾಲ್ಕನೆಯ ಸಾಲಿನಲ್ಲಿ ನೀರೊಳಗಿನ ಯಾವುದೋ ಕೊರಡಿಗೆ ಬಡಿದು ಎಗರಿತು. ಆ ಹೊಡೆತಕ್ಕೆ ಆಟೊಪೈಲಟ್ಟಿನ ಸಣ್ಣ ಬ್ಯಾಟರಿಯ ಪಿನ್ನು ಕಳಚಿತು. ಮೋಟಾರಿಗೆ ಬೇರೆಯೇ ದೊಡ್ಡ ಬ್ಯಾಟರಿ. ದಾರಿ ತೋರಿಸುವ ಪೆಟ್ಟಿಗೆ ಸತ್ತಿತು, ಮೋಟಾರು ಓಡುತ್ತಲೇ ಇತ್ತು. ನಾನು ರಿಮೋಟಿನಲ್ಲಿ ನಿಲ್ಲು ಗುಂಡಿಯನ್ನು ಒತ್ತಿದೆ, ಮತ್ತೆ ಒತ್ತಿದೆ. ಕೇಳುವವರು ಯಾರೂ ಇರಲಿಲ್ಲ. ದೋಣಿ ತಿರುಗದೆ ನೆಟ್ಟಗೆ ದಡದ ಮೂಲೆಗೆ ನುಗ್ಗಿತು. ಅಲ್ಲಿ ಒಬ್ಬರು ಮೊಣಕಾಲು ನೀರಿನಲ್ಲಿ ನಿಂತು ಎತ್ತಿನ ಮೈ ತೊಳೆಯುತ್ತಿದ್ದರು. ಎಲ್ಲರಿಗಿಂತ ಮೊದಲು ಕೂಗಿದ್ದು ಕಾಕಾ. ಆ ಮನುಷ್ಯ ಎತ್ತನ್ನು ಆಚೆ ತಳ್ಳಿದರು, ತಾವು ಸರಿಯುವಷ್ಟು ಹೊತ್ತಿರಲಿಲ್ಲ.

ಮೋಟಾರಿನ ರೆಕ್ಕೆ ಅವರ ಮೀನಖಂಡ ಸೀಳಿತು, ಆರು ಹೊಲಿಗೆ ಬಿದ್ದವು. ಅವರನ್ನು ಜೀಪಿನಲ್ಲಿ ಆಸ್ಪತ್ರೆಗೆ ಕಳಿಸಿದ ಮೇಲೆ ಸಾಹೇಬರು ದೋಣಿಯನ್ನು ದಡಕ್ಕೆ ಎಳೆಸಿ, ಮುಚ್ಚಳ ಬಿಚ್ಚಿಸಿದರು. ಕೋಪದಿಂದ ಅವರ ಧ್ವನಿ ಒಡೆದಿತ್ತು. "ಪವರ್ ಹೋದ್ರೆ ಮೋಟಾರ್ ನಿಲ್ಬೇಕಿತ್ತಲ್ಲ. ಯಾರು ಮಾಡಿದ್ದು ಈ ವೈರಿಂಗು?"

ಕಾಕಾ ಬಗ್ಗಿ ನೋಡಿದರು. ಮೂರು ರಿಲೇಗಳ ಮೇಲೆ ಅವರ ದಾರದ ಗಂಟು. ನಾಲ್ಕನೆಯದರ ಮೇಲೆ ಬಿಳಿ ಪ್ಲಾಸ್ಟಿಕ್ ಪಟ್ಟಿ. ಅವರಿಗೆ ಒಂದು ಕ್ಷಣ ಸಾಕಾಯಿತು. ನನಗೂ ಆ ಕ್ಷಣದಲ್ಲೇ ಅರ್ಥವಾಯಿತು. ಅವರು ತಪ್ಪಿರಲಿಲ್ಲ. ಪೆಟ್ಟಿಗೆ ಬದುಕಿದ್ದರೆ ಮಾತ್ರ ಮೋಟಾರು ಓಡಲಿ, ಅದು ಸತ್ತರೆ ತಾನಾಗಿ ನಿಲ್ಲಲಿ ಎಂದು ಬೇಕೆಂದೇ ಆಚೆಯ ತೂತಿಗೆ ಹಾಕಿದ್ದರು. ನಾನು ಸರಿಸಿದ ಈಚೆಯ ತೂತಿನಲ್ಲಿ ಪೆಟ್ಟಿಗೆ ಸತ್ತರೂ ಮೋಟಾರು ಓಡುತ್ತದೆ. ಉಲ್ಟಾ ಇದ್ದದ್ದು ನನ್ನ ಸೆಟ್ಟಿಂಗು. ಲ್ಯಾಪ್‌ಟಾಪಿನಲ್ಲಿ ಸೊನ್ನೆ ಇದ್ದ ಕಡೆ ಒಂದು ಅಂತ ಬರೆದಿದ್ದರೆ ಮುಗಿಯುತ್ತಿತ್ತು. ಅಪ್ಪ ಸ್ಟಾರ್ಟರಿಗೆ ಕಡ್ಡಿ ಸಿಗಿಸಿದ್ದರಲ್ಲ, ಡಿಪ್ಲೊಮಾ ಮಾಡಿದ ಮಗಳು ಅದನ್ನೇ ಮಾಡಿದ್ದಳು.

ನಾನು ಬಾಯಿ ತೆರೆದೆ. ಅದಕ್ಕೆ ಮೊದಲೇ ಕಾಕಾ ಹೆಗಲ ಟವಲು ತೆಗೆದು, ಬಲಗೈಯನ್ನು ಸಾಹೇಬರ ಮುಂದೆ ಚಾಚಿದರು. ಅದು ಎಲ್ಲರೆದುರು ನಡುಗುತ್ತಿತ್ತು.

"ನಂದ ತಪ್ಪು ಸಾಹೇಬ್ರ. ಕೈ ನೋಡ್ರಿ ಹೆಂಗೈತಿ. ತೂತು ತಪ್ಪೈತಿ. ಹುಡುಗಿಗೆ ಇದು ಗೊತ್ತಿಲ್ಲ."

ಒಂದು ವರ್ಷ ಟವಲಿನ ಕೆಳಗೆ ಮುಚ್ಚಿಟ್ಟುಕೊಂಡ ಕೈ. ಆ ಊರಿನವರು, ಶಿಕಾರಿಪುರದಿಂದ ನೋಡಲು ಬಂದವರು, ಎಲ್ಲರೂ ಅದನ್ನು ನೋಡಿದರು. ನಾನು ಬಾಯಿ ಮುಚ್ಚಿಕೊಂಡೆ. ಕೆಲಸ ಹೋಗುತ್ತದೆಂಬ ಭಯ, ಬೇರೇನೂ ಅಲ್ಲ.

ಎರಡು ದಿನ ಬಿಟ್ಟು ಅಂಗಡಿಗೆ ಹೋಗಿ ಅತ್ತೆ. ಅವರು ಸಮಾಧಾನ ಮಾಡಲಿಲ್ಲ. ಸಿಟ್ಟಾಗಿದ್ದರು, ಆಗಬೇಕಾದದ್ದೇ.

"ವೈರು ಬದಲ ಮಾಡಿದ್ದಕ್ಕ ಸಿಟ್ಟಿಲ್ಲ ನನಗ. ಒಂದ್ ಮಾತು ಕೇಳ್ಲಿಲ್ಲಲ್ಲ. ನೀ ನನ್ ಕೈ ನೋಡ್ದಿ, ಕೆಲ್ಸ ನೋಡ್ಲಿಲ್ಲ."

"ಹಂಗಾದ್ರೆ ಯಾಕೆ ಸುಳ್ಳು ಹೇಳಿದ್ರಿ ಕಾಕಾ?"

"ನನ್ ಕೈ ಇವತ್ತಲ್ಲ ನಾಳೆ ಹೋಗೋದ ಇತ್ತು. ನಿಂದ್ಯಾಕ ಹೋಗ್ಬೇಕು?" ಒಂದು ಉಂಡೆ ತಂತಿಯನ್ನು ನನ್ನ ಕಡೆ ಸರಿಸಿ, "ಯಾರ ಮುಂದೂ ಬಾಯಿ ಬಿಡಬ್ಯಾಡ. ಬಿಟ್ರ ನಾನು ಸುಳ್ಳ ಆಗ್ತೀನಿ" ಅಂದರು.

ನಾನು ಬಾಯಿ ಬಿಡಲಿಲ್ಲ. ಅವರ ಮಾತಿಗೆ ಬೆಲೆ ಕೊಟ್ಟೆ ಅಂದುಕೊಂಡೆ. ನಿಜ ಹೇಳಬೇಕೆಂದರೆ ಆ ಮಾತು ನನಗೆ ಅನುಕೂಲವಾಗಿತ್ತು. ನನ್ನ ಕೆಲಸ ಉಳಿಯಿತು, ಒಂದು ವರ್ಷಕ್ಕೆ ಬಡ್ತಿಯೂ ಬಂತು. ಅಂಗಡಿಗೆ ಬರುವ ಮೋಟಾರುಗಳು ಕಡಿಮೆಯಾದವು. ತೊಗರ್ಸಿ ಕಡೆಯ ಹಳೆಯ ಗಿರಾಕಿಯೊಬ್ಬರು ಪಂಪ್‌ಸೆಟ್ಟು ಇಳಿಸಲು ಬಂದವರು, ಪಕ್ಕದವರು ಕಿವಿಯಲ್ಲಿ ಏನೋ ಅಂದದ್ದಕ್ಕೆ ಮತ್ತೆ ಆಟೋಗೆ ಏರಿಸಿಕೊಂಡು ಹೋದದ್ದನ್ನು ನಾನೇ ನೋಡಿದೆ. ಕಾಕಾ ಒಳಗೆ ಖಾಲಿ ಉಂಡೆಗಳನ್ನು ಜೋಡಿಸುತ್ತಿದ್ದರು. ಆ ದಸರೆಗೆ ಆಯುಧಪೂಜೆ ಮಾಡಿ ಶಟರು ಎಳೆದವರು ಮತ್ತೆ ತೆಗೆಯಲಿಲ್ಲ.

ಆಮೇಲೆ ಕಾಯಿಲೆ ನೆನಪಿಗೂ ಕೈ ಹಾಕಿತು. ನಾನು ತಿಂಗಳಿಗೊಮ್ಮೆ ಮನೆಗೆ ಹೋಗುತ್ತಿದ್ದೆ. ಒಮ್ಮೆ ನನ್ನ ಗುರುತು ಹಿಡಿಯುತ್ತಿದ್ದರು, ಒಮ್ಮೆ ಇಲ್ಲ. ಕೊನೆಯ ಸಲ ಹೋದಾಗ ಮಧ್ಯಾಹ್ನ, ಕಾಕಿ ನೀರು ಬಂತೆಂದು ಕೊಡ ಹಿಡಿದು ಹೊರಗೆ ಹೋಗಿದ್ದರು. ಕಾಕಾ ಕಿಟಕಿಯ ಹತ್ತಿರ ಕುರ್ಚಿಯಲ್ಲಿದ್ದರು. ನನ್ನನ್ನು ನೋಡಿದೊಡನೆ ಗುರುತು ಸಿಕ್ಕಿತು. ಕೈ ಹಿಡಿದುಕೊಂಡರು.

"ಅವನ ಕಾಲು ಹೆಂಗೈತವಾ?"

"ವಾಸಿಯಾಗಿದೆ ಕಾಕಾ. ಗದ್ದೆಗೆ ಹೋಗ್ತಾರೆ."

"ನಾನ ಕೆಡಿಸ್ದೆ ಅವನ ಕಾಲು." ಅವರ ಕಣ್ಣಲ್ಲಿ ನೀರು ಬಂತು. "ಇಷ್ಟು ವರ್ಷ ಒಂದು ತಪ್ಪು ಮಾಡಿರ್ಲಿಲ್ಲ. ಹೆಂಗ್ ತಪ್ತೋ ಕೈ. ಒಂದ್ಸಲ ಕರ್ಕೊಂಡ್ ಹೋಗು, ಅವನ ಕಾಲಿಗೆ ಬೀಳ್ತೀನಿ."

ಅದು ನನ್ನನ್ನು ಉಳಿಸಲು ತಾವೇ ಹೇಳಿದ ಸುಳ್ಳು ಅನ್ನುವುದು ಅವರಿಗೇ ಮರೆತುಹೋಗಿತ್ತು. ಸುಳ್ಳು ಮಾತ್ರ ಉಳಿದಿತ್ತು, ಅದನ್ನು ನಿಜವೆಂದು ನಂಬಿ ಎಷ್ಟು ದಿನದಿಂದ ಬೇಯುತ್ತಿದ್ದರೋ. ನಾನು ನೆಲಕ್ಕೆ ಕೂತು ಎಲ್ಲವನ್ನೂ ಹೇಳಿದೆ. ತೂತು ಬದಲಾಯಿಸಿದ್ದು, ಪಟ್ಟಿ ಬಿಗಿದದ್ದು, ದಂಡೆಯ ಮೇಲೆ ಅವರಿಗೆ ಹೇಳಿದ ಸುಳ್ಳು. ನಿಮ್ಮ ಕೈ ತಪ್ಪಿಲ್ಲ ಕಾಕಾ, ತಪ್ಪಿದ್ದು ನಾನು ಎಂದು ಅವರ ಎರಡೂ ಕೈ ಹಿಡಿದು ಹೇಳಿದೆ.

ಅವರು ತಾಳ್ಮೆಯಿಂದ ಕೇಳಿದರು. ಆಮೇಲೆ ನನ್ನ ತಲೆ ಸವರಿದರು.

"ನನ್ ಸಮಾಧಾನಕ್ಕ ಸುಳ್ಳು ಹೇಳಬ್ಯಾಡವಾ. ನೀ ಅಂಥಾ ಕೆಲ್ಸ ಮಾಡಾಕಿ ಅಲ್ಲ. ನಿನಗ ಕಲಿಸ್ದಾವ ನಾನು, ನನಗ ಗೊತ್ತಿಲ್ಲೇನು?"

ಎಷ್ಟು ಹೇಳಿದರೂ ನಂಬಲಿಲ್ಲ. ಹತ್ತು ದಿನದ ಮೇಲೆ ತೀರಿಕೊಂಡರು.

ಆಮೇಲೆ ಸಾಹೇಬರಿಗೆ ಹೇಳಿದೆ. ಕಾಲಿಗೆ ಪೆಟ್ಟಾದವರ ಮನೆಗೆ ಹೋಗಿ ಹೇಳಿದೆ. ಓಣಿಯ ಅಂಗಡಿಗಳವರಿಗೂ ಹೇಳಿದೆ. ಎಲ್ಲರೂ ಮರುಕದಿಂದ ಕೇಳಿದರು. "ಬಿಡಮ್ಮ, ಸತ್ತವರ ಮೇಲೆ ಮಾತು ಬರಬಾರ್ದು ಅಂತ ನೀನು ಮೈಮೇಲೆ ಎಳ್ಕೋತಿದೀಯ. ದೊಡ್ಡ ಮನಸ್ಸು ನಿಂದು" ಅಂದರು. ಕಾಕಾನ ಕೈ ನಡುಗುವುದನ್ನು ಅವರೆಲ್ಲ ಕಣ್ಣಾರೆ ಕಂಡಿದ್ದರಲ್ಲ. ಈಗ ಆ ಓಣಿಯಲ್ಲಿ ಕಾಕಾನ ಹೆಸರು ಬಂದರೆ ನನ್ನ ಒಳ್ಳೆಯತನದ ಮಾತೂ ಬರುತ್ತದೆಯಂತೆ.

ನಂಬಿದವರು ಕಾಕಿ ಒಬ್ಬರೇ. ಅವರಿಗೆ ಹೇಳಲು ಹೋದ ದಿನ ಬಾಗಿಲ ಹೊಸ್ತಿಲಲ್ಲಿ ಅಕ್ಕಿ ಆರಿಸುತ್ತಿದ್ದರು. ಮೊರವನ್ನು ಕೆಳಗಿಟ್ಟು ಪೂರ್ತಿ ಕೇಳಿದರು.

"ನಿಮ್ಮ ಕಾಕಾಗೆ ಹೇಳಿದ್ಯಾ?"

"ಹೇಳಿದೆ ಕಾಕಿ. ನಂಬ್ಲಿಲ್ಲ."

ಅವರು ಮೊರವನ್ನು ಮತ್ತೆ ಎತ್ತಿಕೊಂಡರು. ಬೈಯುತ್ತಾರೆಂದು ಕಾದೆ, ಬೈದರೆ ಸಾಕಿತ್ತು.

"ಅವರಿಗೆ ನೆನಪಿದ್ದಾಗ ಊರಿಗೆ ಹೇಳ್ಬೇಕಿತ್ತವಾ" ಅಂದರು.